ಕಡಲ ತಳ ಕಲಕಿದ ಗಾಳಿ

ಲೋಕ ಇನ್ನೂ ಹಸಿಹಸಿಯಾಗಿದ್ದಾಗ, ಬೆಟ್ಟಗಳಿಗೆ ಯಾರೂ ಹೆಸರಿಡದಿದ್ದಾಗ, ಕಡಲು ಸುಮ್ಮನೆ ಬಿದ್ದುಕೊಂಡಿತ್ತು. ನಾನೇನು ನೋಡಿಲ್ಲ ಮಗಾ, ನನ್ನ ಅಜ್ಜಿಯೂ ನೋಡಿಲ್ಲ. ಮೇಲೆ ಬೆಚ್ಚನೆಯ ನೀರು, ಕೆಳಗೆ ತಣ್ಣನೆಯ ನೀರು. ತಣ್ಣನೆಯದು ಭಾರ, ಮೇಲೆ ಬರುತ್ತಿರಲಿಲ್ಲ. ಬೆಚ್ಚನೆಯದು ಹಗುರ, ಕೆಳಗೆ ಹೋಗುತ್ತಿರಲಿಲ್ಲ. ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದೇ ಮನೆಯಲ್ಲಿದ್ದವು.

ಸತ್ತದ್ದು, ಕೊಳೆತದ್ದು ಎಲ್ಲ ತಳಕ್ಕಿಳಿಯುತ್ತಿತ್ತು. ಹಾಗಾಗಿ ಸತ್ವವೆಲ್ಲ ತಳದಲ್ಲಿ. ಅಲ್ಲಿ ಬಿಸಿಲಿಲ್ಲ, ಪಾಚಿ ಬೆಳೆಯುವುದಿಲ್ಲ. ಮೇಲೆ ಬಿಸಿಲಿದೆ, ಸತ್ವವಿಲ್ಲ. ಪಾಚಿ ತಿಂದು ಬದುಕುವ ಬೂತಾಯಿ ಮೀನಿನ ಮರಿಗಳು ಹಸಿದು ಸಾಯುತ್ತಿದ್ದವು.

ತಾಯಿ ಬೂತಾಯಿ ಗಾಳಿಯನ್ನು ಕೂಗಿತು. "ಗಾಳಿಯಣ್ಣಾ, ನನ್ನ ಮರಿಗಳಲ್ಲಿ ಉಳಿದಿರುವುದು ಒಂದು ಹಿಡಿ. ತಳದ ನೀರನ್ನು ಮೇಲೆ ತಂದುಕೊಡು."

ಗಾಳಿಗೆ ಬಲವಿತ್ತು, ಬುದ್ಧಿ ಅಷ್ಟಕ್ಕಷ್ಟೆ. ಕಡಲಿನಿಂದ ದಡಕ್ಕೆ ನೇರ ಬೀಸಿತು. ಅಲೆ ಎದ್ದಿತು, ನೊರೆ ಎದ್ದಿತು, ತಳ ಮಾತ್ರ ಮಿಸುಕಲಿಲ್ಲ. ಮೂರು ದಿನ ಬೀಸಿ ಸುಸ್ತಾಗಿ ಒಂದು ಗುಡಿಸಲಿನ ಮುಂದೆ ಕುಳಿತಿತು.

ಅದು ಸೇಸಕ್ಕನ ಗುಡಿಸಲು. ದೋಣಿ ಅವಳದು, ಬಲೆ ಅವಳದು. ಮೀನು ಹಿಡಿದು ಬಂದವರಿಗೆ ಬಾಗಿ ಎಂಬ ಅವಳ ಬಸುರಿ ಸೊಸೆ ಗಂಜಿ ಬಡಿಸುತ್ತಿದ್ದಳು. ಹೊಸಬಳು, ಗಡಿಬಿಡಿ. ಮಡಕೆಯ ಮೇಲೆಮೇಲೆ ಸೌಟಾಡಿಸಿದಳು. ಎಲ್ಲರ ಬಟ್ಟಲಿಗೂ ಬರೀ ತಿಳಿನೀರು ಬಿತ್ತು.

"ಅಯ್ಯೋ ನಿನ್ನ! ಹಸಿದು ಬಂದವರಿಗೆ ನೀರು ಕುಡಿಸುತ್ತೀಯಾ?" ಸೇಸಕ್ಕ ಸೌಟು ಕಿತ್ತುಕೊಂಡಳು. "ಅನ್ನದ ಅಗುಳು ಇರುವುದು ತಳದಲ್ಲಿ. ಮೇಲಿನ ತಿಳಿಯನ್ನು ಅಂಚಿನಿಂದ ಆಚೆ ಸರಿಸು. ತಳದ್ದು ತಾನಾಗಿ ಮೇಲೆ ಬರುತ್ತದೆ, ನೋಡು."

ಗಾಳಿ ತಟ್ಟನೆ ಎದ್ದು ಬೂತಾಯಿಯ ಕಷ್ಟ ಹೇಳಿತು. "ಸೇಸಕ್ಕಾ, ಕಡಲನ್ನೂ ಹೀಗೇ ಕಲಕಲೇ?"

"ಕಲಕು. ಬೇಡ ಅಂದವರು ಯಾರು?"

"ಕಲಕುವಾಗ ನಿಮ್ಮ ದೋಣಿ ನೀರಿಗಿಳಿದರೆ ಮಗುಚುತ್ತದೆ. ಎರಡು ತಿಂಗಳು ಇಳಿಸುವ ಹಾಗಿಲ್ಲ."

ಸೇಸಕ್ಕ ಬಾಗಿಯ ಹೊಟ್ಟೆ ನೋಡಿದಳು. ಎರಡು ತಿಂಗಳು ಮೀನಿಲ್ಲದೆ ಇವಳಿಗೇನು ಉಣಿಸಲಿ ಎಂದು ಹೆದರಿಕೆಯಾಯಿತು, ಸಿಟ್ಟೂ ಬಂತು. "ಮರಿ ಎಷ್ಟು ಉಳಿದಿವೆ ಅಂದೆ?"

"ಒಂದು ಹಿಡಿ."

"ಅಷ್ಟೇನಾ?"

ಮತ್ತೇನೂ ಕೇಳದೆ ಹೋಗಿ ತನ್ನ ದೋಣಿಯನ್ನು ಮರಳಿನ ಮೇಲಕ್ಕೆ ಎಳೆದಳು. ಕೇರಿಯವರೂ ಎಳೆದರು, ಬಯ್ಯುತ್ತಲೇ ಎಳೆದರು.

ಗಾಳಿ ಈ ಸಲ ದಡಕ್ಕೆ ನುಗ್ಗಲಿಲ್ಲ. ದಡದ ಗುಂಟ ಉತ್ತರದಿಂದ ದಕ್ಷಿಣಕ್ಕೆ ಓಡಿತು. ಭೂಮಿ ತಿರುಗುತ್ತಲೇ ಇರುತ್ತದಲ್ಲ, ಹಾಗಾಗಿ ಮೇಲ್ನೀರು ಗಾಳಿಯ ಬಲಗಡೆಗೆ, ನಡುಗಡಲಿನತ್ತ ಸರಿಯಿತು. ತೆರವಾದ ಜಾಗಕ್ಕೆ ತಳದ ತಣ್ಣೀರು ಏರಿ ಬಂತು. ಮೋಡದ ಸಂದಿನಿಂದ ಬಿಸಿಲು ಬಿದ್ದಲ್ಲೆಲ್ಲ ಕಡಲು ಹಸಿರಾಯಿತು. ಮರಿಗಳು ತಿಂದವು.

ಕೇರಿಯವರು ಒಣಮೀನು, ಗೆಣಸು ತಿಂದು ದಿನ ದೂಡಿದರು. ಬಾಗಿಗೆ ಹೆಣ್ಣು ಮಗು ಹುಟ್ಟಿತು. ಸಣಕಲು ಮಗು, ಅಳು ಮಾತ್ರ ಗಟ್ಟಿ. ಗಾಳಿ ತಗ್ಗಿದ ದಿನ ಸೇಸಕ್ಕನ ಬಲೆ ಎಷ್ಟು ಭಾರವಾಗಿತ್ತೆಂದರೆ, ಬಯ್ದವರೆಲ್ಲ ಅದನ್ನು ಎಳೆಯಲು ಓಡಿ ಬರಬೇಕಾಯಿತು.

ಈಗಲೂ ಮಳೆಗಾಲದಲ್ಲಿ ನಮ್ಮ ದೋಣಿಗಳು ಮರಳಿನ ಮೇಲೆ ಕುಳಿತಿರುತ್ತವೆ ಮಗಾ. ಆಗ ನನ್ನ ಕೈ ಹಿಡಿದು ಅಂಚಿನ ನೀರಿಗೆ ಕಾಲಿಟ್ಟು ನೋಡು, ಥಂಡಿ ಹೊಡೆಯುತ್ತದೆ. ತಳದ ನೀರು ಮೇಲೆ ಬಂದಿದೆ, ಮರಿಗಳು ಉಣ್ಣುತ್ತಿವೆ, ನಾವು ಕಾಯುತ್ತಿದ್ದೇವೆ.