ಭರಮ ಸಾರಿದ ನಾಸ್ತಿಕರು

ಒಂದೂರಪ್ಪಾ, ಆ ಊರಲ್ಲಿ ಡಂಗುರ ಹೊಡೆಯುವ ಭರಮ, ಅವನ ತಾಯಿ ಸಾವಂತ್ರೆವ್ವ. ಎಮ್ಮೆ ಬರುವತನಕ ಬಾಗಿಲು ಬಿಟ್ಟು ಏಳಬೇಡ ಅಂದರೆ, ಹಿತ್ತಲಲ್ಲಿ ಬಣವೆ ಹೊತ್ತಿ ಉರಿದರೂ ಏಳದ ಮಗ! ತಾಯಿ ಹಣೆ ಹಣೆ ಬಡಿದುಕೊಂಡಳು.

ಊರ ಕಟ್ಟಳೆ ಕೇಳಿ. ಯಾರನ್ನು ನಾಸ್ತಿಕ ಅಂತ ಸಾರಿದರೋ ಅವರಿಗೆ ಯಾರೂ ಒಲೆಗೆ ಕೆಂಡ ಕೊಡುವಂತಿಲ್ಲ, ಕುಡಿಯಲು ನೀರು ಕೊಡುವಂತಿಲ್ಲ. ಅವರೇ ಊರ ಕಟ್ಟೆಗೆ ಬಂದು "ತಪ್ಪಾತು" ಅನ್ನುವತನಕ ಡಂಗುರ ಹಿಂದಕ್ಕಿಲ್ಲ.

ಕುಂಬಾರ ಗುರುಸಿದ್ದ ಒಂದು ದಿನ ಅಂದುಬಿಟ್ಟ: "ದೇವರಿಗ್ಯಾಕ ಕೊಡಗಟ್ಲೆ ತುಪ್ಪ? ನಾ ಕೊಡಂಗಿಲ್ಲ." ಪೂಜಾರಿ ರಾಚಯ್ಯ ಉರಿದುಬಿದ್ದ. ತಾನೇ ಗುರುಸಿದ್ದನ ಹೆಸರು ಹೇಳಿ ಸಾರಿಸಿದರೆ, ಅವನು ನಾಸ್ತಿಕ ಅಂತ ದೇವರ ಮುಂದೆ ಆಣೆ ಮಾಡಬೇಕು. ಅದಕ್ಕೇ ಭರಮನನ್ನು ಕರೆದ.

"ಗುಡಿ ಮುಂದ ಹಾಯುವಾಗ ಯಾರು ಕೈ ಮುಗಿಯೂದಿಲ್ಲೋ ಅವರು ನಾಸ್ತಿಕರು. ನೋಡು, ಸಾರು!"

ಇದು ಗುರುಸಿದ್ದನಿಗೇ ಒಡ್ಡಿದ ಬಲೆ ಅಂತ ಸಾವಂತ್ರೆವ್ವನಿಗೆ ತಿಳಿಯಿತು. ಗಂಡ ಪ್ಲೇಗಿನಲ್ಲಿ ಸತ್ತಾಗ ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಮಡಕೆ ಸುಡುವ ಆವಿಗೆಯಿಂದ ದಿನಾ ಕೆಂಡ ತಂದುಕೊಟ್ಟವನು ಗುರುಸಿದ್ದ ಒಬ್ಬನೇ. ಅವನ ಆವಿಗೆ ತನ್ನ ಮಗನ ಬಾಯಿಂದಲೇ ಆರಬೇಕೇ?

ಭರಮ ಗುಡಿ ಮುಂದೆ ನಿಂತ. ಊರ ಗೌಡನ ಹೆಂಡತಿ ಗೌಡಸಾನಿ ಬಂದಳು. ತಲೆ ಮೇಲೆ ಕೊಡ, ಬಗಲಲ್ಲಿ ಕೂಸು. ಕೈ ಮುಗಿಯಲಿಲ್ಲ.

ಡಂ ಡಂ ಡಂ! "ಕೇಳ್ರೋ ಕೇಳ್ರಿ! ಗೌಡಸಾನಿ ನಾಸ್ತಿಕಳು! ಕೆಂಡ ಕೊಡಬ್ಯಾಡ್ರಿ! ನೀರು ಕೊಡಬ್ಯಾಡ್ರಿ!"

ಗೌಡಸಾನಿ ಅಳುತ್ತ ಕಟ್ಟೆಗೆ ಬಂದು "ತಪ್ಪಾತು" ಅಂದಳು. ಗೌಡ ಭರಮನ ಬೆನ್ನಿಗೆ ಬಾರುಕೋಲು ಬೀಸಿದ. ರಾಚಯ್ಯ ಹಲ್ಲು ಕಡಿದ.

"ಏ ಹುಚ್ಚಪ್ಯಾಲಿ! ಕೈ ನೋಡಬ್ಯಾಡ, ಬಾಯಿ ನೋಡು! ದೇವರ ಹೆಸರು ಬಾಯಾಗ ಬರದಾಂವ ಪಾಷಂಡಿ!"

"ಆತ್ರೀ ಅಯ್ಯನವರ."

ಮರುದಿನ ಸೋಮವಾರ. ಮಠದ ಸ್ವಾಮಿ ಅಜ್ಜನವರಿಗೆ ಮೌನವ್ರತ. "ಅಜ್ಜಾರ, ದೇವರ ಹೆಸರು ಹೇಳ್ರಿ" ಅಂದ ಭರಮ. ಅಜ್ಜ ತುಟಿ ಬಿಚ್ಚಲಿಲ್ಲ.

ಡಂ ಡಂ ಡಂ! "ಅಜ್ಜಾರು ಪಾಷಂಡಿ! ಕೆಂಡ ಕೊಡಬ್ಯಾಡ್ರಿ! ನೀರು ಕೊಡಬ್ಯಾಡ್ರಿ!"

ಮಠದ ಒಲೆ ಹೊತ್ತಲಿಲ್ಲ. ಬಿಸಿಲೇರಿ ಗಂಟಲು ಒಣಗಿದಾಗ ಪಾಪ, ಅಜ್ಜ ಮೌನ ಮುರಿದು ಕಟ್ಟೆಗೆ ಬಂದು "ತಪ್ಪಾತಪ್ಪೋ" ಅಂದರು.

ಬಡಿಗೆ ಹಿಡಿದವರು ಸಾವಂತ್ರೆವ್ವನ ಬಾಗಿಲಿಗೆ ಬಂದರು. ಮುಂದೆ ರಾಚಯ್ಯ.

"ಇನ್ನೊಮ್ಮೆ ತಪ್ಪಿದ್ರ ತಾಯಿ ಮಗ ಊರು ಬಿಡಬೇಕು! ಗುಡಿಯಿಂದ ಸುರು ಮಾಡು, ಕುಂಬಾರ ಓಣಿತನಕ ಒಬ್ಬರನ್ನೂ ಬಿಡಬ್ಯಾಡ. 'ತುಪ್ಪ ಕೊಡತೀಯೇನು?' ಅಂತ ಕೇಳು. ಕೊಡತೀನಿ ಅನ್ನದಾಂವ ಧರ್ಮದ್ರೋಹಿ!"

ತಾಯಿ ಮಗನ ಕೈ ಹಿಡಿದಳು. "ಭರಮಾ, ಗುರುಸಿದ್ದನ ಮನಿ ಒಂದ ಬಿಡೋ!"

"ಒಬ್ಬರನ್ನೂ ಬಿಡಬ್ಯಾಡ ಅಂದಾರಲ್ಲಬೇ!"

ಹೋದ. ಸಾವಂತ್ರೆವ್ವ ಹೊಸ್ತಿಲಲ್ಲಿ ಕಿವಿಗೊಟ್ಟು ಕೂತಳು. ಕುಂಬಾರ ಓಣಿಯಲ್ಲಿ ಡಂಗುರ ಕೇಳಿದರೆ ಗುರುಸಿದ್ದ ಕೆಟ್ಟ. ಕೇಳದಿದ್ದರೆ ತಾವು ಕೆಟ್ಟರು.

ಡಂ ಡಂ ಡಂ! ಸದ್ದು ಬಂದದ್ದು ಗುಡಿಯಿಂದ.

"ಕೇಳ್ರೋ ಕೇಳ್ರಿ! ಮಲ್ಲಯ್ಯ ದೇವರು ಧರ್ಮದ್ರೋಹಿ! ಮೈತುಂಬ ತುಪ್ಪ ಸುರಕೊಂಡು ಕುಂತಾನ, ಕೊಡತೀಯೇನು ಅಂದ್ರ ಹೂಂ ಅನವಲ್ಲ! ಕೆಂಡ ಕೊಡಬ್ಯಾಡ್ರಿ! ನೀರು ಕೊಡಬ್ಯಾಡ್ರಿ!"

ಸಾವಂತ್ರೆವ್ವ ಓಡಿದಳು. ಭರಮ ನಂದಾದೀಪ ಆರಿಸಿದ್ದ. ಅಭಿಷೇಕದ ಕೊಡ ಬೋರಲು ಹಾಕಿದ್ದ.

"ಹಿಂದಕ್ಕ ತಗೋಳೋ!" ರಾಚಯ್ಯ ಕಿರುಚಿದ.

"ನಾ ಹೆಂಗ ತಗೊಳ್ಳಲ್ರೀ? ಆತನೇ ಬಂದು ತಪ್ಪಾತು ಅನಬೇಕಲ್ಲ?"

ಜನ ಗೌಡನ ಮುಖ ನೋಡಿದರು. ಗೌಡ ಮೀಸೆ ತಿರುವಿದ. "ಖರೆ ಐತಿ. ನನ್ನ ಹೇಣ್ತಿ ಅಂದಾಳ, ಅಜ್ಜಾರು ಅಂದಾರ. ಈತನೂ ಅನ್ನಲಿ. ಅಲ್ಲೀತನಕ ಇನ್ನೊಬ್ಬರ ಹೆಸರಿಗೆ ಡಂಗುರ ಇಲ್ಲ."

ಗುಂಪಿನಲ್ಲಿದ್ದ ಗುರುಸಿದ್ದನನ್ನು ನೋಡಿ ಸಾವಂತ್ರೆವ್ವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಭರಮ ಒಳಗೆ ನುಗ್ಗಿ, ದೇವರ ಹಿತ್ತಾಳೆ ಉತ್ಸವಮೂರ್ತಿಯನ್ನು ಬಗಲಿಗೆತ್ತಿಕೊಂಡು ಬಂದು ಕಟ್ಟೆಯ ಮೇಲೆ ಸುಡುಬಿಸಿಲಲ್ಲಿ ಕೂರಿಸಿದ.

"ಯಪ್ಪಾ ಮಲ್ಲಯ್ಯಾ," ಅಂದ, "ಬಿಸಿಲು ಭಾಳ ಐತಿ, ನೀರು ಕೊಡಾಕ ಬರಂಗಿಲ್ಲ. ಲಗೂನ ತಪ್ಪಾತು ಅಂದುಬಿಡು!"