ಅಳಿವೆಯ ಕೂಗು

“ಗುರುಗಳೇ, ಮೂರು ವರ್ಷ ನೀರಿನಲ್ಲಿ ನೆನೆದು ಬರೆದ ನಕ್ಷೆಯನ್ನು, ಮೋಜಿಗೆಂದು ಬರುವವರ ಕಣ್ಣಿಗೆ ನಾನೇಕೆ ಬಿಡಬೇಕು?”

ಶಿಷ್ಯ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಆಶ್ರಮದ ಕೆಳಗೆ ದೊಡ್ಡ ಹಿನ್ನೀರು. ಬಿಡುವಿನ ದಿನಗಳಲ್ಲಿ ಪೇಟೆಯವರು ಅಲ್ಲಿಗೆ ದೋಣಿ ವಿಹಾರಕ್ಕೆ, ಗಾಳ ಹಾಕುವುದಕ್ಕೆ ಬರುತ್ತಿದ್ದರು. ಎಲ್ಲಿ ಆಳ, ಎಲ್ಲಿ ಬಂಡೆ, ಎಲ್ಲಿ ಹೂಳು ಎಂಬುದನ್ನು ಶಿಷ್ಯ ಹಗ್ಗ ಬಿಟ್ಟು ಅಳೆದಿದ್ದ. ಅದನ್ನು ಬಟ್ಟೆಯ ಮೇಲೆ ಬರೆದು, ಸುತ್ತಿ, ಬಿದಿರಿನ ಕೊಳವೆಯೊಳಗೆ ಇಟ್ಟಿದ್ದ. ದೋಣಿಕಟ್ಟೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅದನ್ನು ಬರೆದುಕೊಡು ಎಂದು ಊರಿನವರು ಕೇಳಿದ್ದರು. ಅವನು ಇನ್ನೂ ಒಪ್ಪಿರಲಿಲ್ಲ. ಕೊಳವೆ ಈಗಲೂ ಅವನ ಕಂಕುಳಲ್ಲೇ ಇತ್ತು.

“ಕೂತುಕೋ,” ಎಂದರು ಗುರುಗಳು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಅಳಿವೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅಳಿವೆ ಎಂದರೆ ಹೊಳೆ ಹೋಗಿ ಕಡಲನ್ನು ಸೇರುವ ಜಾಗ. ಅಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ತಳದಲ್ಲಿ ಇರುವುದು ಮರಳು. ಮರಳಿಗೆ ಒಂದೇ ಕಡೆ ಇರುವ ಅಭ್ಯಾಸವಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇದು ತಿಳಿಯದಿದ್ದರೆ ಮುಂದೆ ಆದದ್ದು ತಿಳಿಯುವುದಿಲ್ಲ.

ಅಂಬಿಗನ ಅಪ್ಪನ ಕಾಲದಲ್ಲಿ ಆ ನೀರಿನ ಮೇಲೆ ಒಂದು ಪದ್ಧತಿಯಿತ್ತು. ಪ್ರತಿ ದೋಣಿಯಲ್ಲೂ ಒಂದು ಗಂಟುಹಗ್ಗ. ಮಾರಿಗೊಂದು ಗಂಟು, ತುದಿಗೆ ಒಂದು ಕಲ್ಲು. ಮಾರು ಎಂದರೆ ಎರಡೂ ಕೈ ಚಾಚಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಆಗುವ ಉದ್ದ. ಹಗ್ಗ ಬಿಟ್ಟಾಗ ಎಷ್ಟು ಗಂಟು ಮುಳುಗಿತೋ ಅಷ್ಟು ಮಾರು ಆಳ. ಎರಡು ದೋಣಿಗಳು ಎದುರಾದರೆ, ಬರುವವನು ತಾನು ಕಂಡ ಆಳವನ್ನು ಹೋಗುವವನಿಗೆ ಕೂಗಿ ಹೇಳಬೇಕು. ಕುಶಲ ಕೇಳುವುದು ಆಮೇಲೆ. ಜಗಳವಾಡಿ ಮಾತು ಬಿಟ್ಟವರೂ ಕೂಗುತ್ತಿದ್ದರು. ಮುಖ ಆಚೆ ತಿರುಗಿಸಿಕೊಂಡು ಕೂಗುತ್ತಿದ್ದರು, ಅಷ್ಟೆ.

“ಜೋಡಿ ತೆಂಗಿನ ಎದುರು ಎರಡು ಮಾರು!” “ಕರಿಬಂಡೆಯಿಂದ ತೆಂಕಕ್ಕೆ ಮೂರು!” ಸಂಜೆ ದೋಣಿಗಳು ಮರಳುವಾಗ ಹೊಳೆಯ ಉದ್ದಕ್ಕೂ ಇದೇ ಕೂಗು. ಬಾಲ್ಯದಲ್ಲಿ ಅಂಬಿಗ ಅದನ್ನು ಕೇಳುತ್ತಲೇ ಅಪ್ಪನ ಕಾಲ ಬಳಿ ನಿದ್ದೆಹೋಗುತ್ತಿದ್ದ.

ಮೋಜಿಗೆ ಬರುವವರೂ ಕೂಗುತ್ತಿದ್ದರು. ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಬಿಡುವಾದಾಗಲೆಲ್ಲ ಬಾಡಿಗೆ ದೋಣಿ ಹತ್ತಿ ಗಾಳ ಹಾಕುತ್ತಿದ್ದ. ಅವನ ಗಾಳ ನೋಡಿದರೆ ಮೀನಿಗೇ ನಗು ಬರುತ್ತದೆ ಎಂದು ಊರು ಆಡಿಕೊಳ್ಳುತ್ತಿತ್ತು. ಒಂದು ದಿನ ಅವನು ತನ್ನ ಒಡಕು ದನಿಯಲ್ಲಿ, “ಹಲಸಿನ ಮರದ ಎದುರು ಒಂದೇ ಮಾರು!” ಎಂದು ಕೂಗಿದ. ಎಲ್ಲರೂ ನಕ್ಕರು. ಅಲ್ಲಿ ನಾಲ್ಕು ಮಾರು ನೀರಿರುವುದು ತೊಟ್ಟಿಲ ಕೂಸಿಗೂ ಗೊತ್ತಿತ್ತು. ಅಪ್ಪ ಮಾತ್ರ ದೋಣಿ ತಿರುಗಿಸಿಕೊಂಡು ಹೋಗಿ ಹಗ್ಗ ಬಿಟ್ಟ. ಒಂದೇ ಗಂಟು ಮುಳುಗಿತು.

“ಕಸುಬಿನವನು ಮೀನಿರುವ ಕಡೆ ಮಾತ್ರ ಹೋಗುತ್ತಾನೆ ಮಗಾ,” ಎಂದ ಅಪ್ಪ. “ದಾರಿ ತಪ್ಪುವವನು ಎಲ್ಲ ಕಡೆಗೂ ಹೋಗುತ್ತಾನೆ.”

ಅಪ್ಪ ತೀರಿಕೊಂಡ. ದೋಣಿ ಮಗನ ಕೈಗೆ ಬಂತು.

ಒಂದು ಬೆಳಿಗ್ಗೆ ಯಾರೂ ಹೋಗದ ಕಡೆ ಅಂಬಿಗನ ಹಗ್ಗ ಆರು ಗಂಟು ಮುಳುಗಿತು. ಅದು ಮಡು. ಮಡು ಎಂದರೆ ತಳದಲ್ಲಿರುವ ಆಳವಾದ ಗುಂಡಿ. ತಂಪಿಗಾಗಿ ಮೀನು ಅಲ್ಲಿ ಸೇರುತ್ತದೆ. ಅಂದು ಅವನ ಬುಟ್ಟಿ ತುಂಬ ಮೀನು. ಮರಳುವಾಗ ನೆರೆಮನೆಯವನ ದೋಣಿ ಎದುರಾಯಿತು. ಅಂಬಿಗ ಕೂಗಲು ಬಾಯಿ ತೆರೆದ. ಬುಟ್ಟಿಯ ಕಡೆ ನೋಡಿದ. ಬಾಯಿ ಮುಚ್ಚಿಕೊಂಡ.

“ಏನಣ್ಣಾ, ಗಂಟಲಿಗೆ ಮುಳ್ಳು ಸಿಕ್ಕಿತೇ?” ಎಂದ ನೆರೆಯವನು.

“ಹಗ್ಗ ತುಂಡಾಗಿದೆ,” ಎಂದ ಅಂಬಿಗ.

ಆ ಹಗ್ಗ ಹದಿನೈದು ವರ್ಷ ತುಂಡಾಗಿಯೇ ಇತ್ತು. ಅಂದರೆ, ಹಗ್ಗ ಸರಿಯಾಗಿಯೇ ಇತ್ತು. ಅವನು ಕೂಗುವುದನ್ನು ಬಿಟ್ಟಿದ್ದ. ಅಳಿವೆಯ ತಳವನ್ನೆಲ್ಲ ಒಬ್ಬನೇ ಅಳೆದ. ತಾನು ಕೂರುವ ಹಲಗೆಯ ಅಡಿಭಾಗದಲ್ಲಿ ಅದನ್ನು ಉಳಿಯಿಂದ ಕೊರೆದ. ಬರೆದರೆ ಅಳಿಸಿಹೋಗುತ್ತದೆ, ಕೊರೆದರೆ ಉಳಿಯುತ್ತದೆ ಎಂಬುದು ಅವನ ಯೋಚನೆ. ಹಾಗೆ ಕೊರೆದು, ಅದರ ಮೇಲೆ ಕೂತ. ಗಾಳ ಹಾಕಲು ಬರುವ ಪೇಟೆಯವರು ಅವನನ್ನೇ ಹುಡುಕಿಕೊಂಡು ಬಂದರು. ಮಡುವಿಗೆ ಕರೆದೊಯ್ಯುವ ಮೊದಲು ಅವನು ದೋಣಿಯನ್ನು ಎರಡು ಸುತ್ತು ಗರಗರ ತಿರುಗಿಸುತ್ತಿದ್ದ. ಅವರಿಗೆ ಮೂಡಣ ಯಾವುದು ಪಡುವಣ ಯಾವುದು ತಿಳಿಯಬಾರದಲ್ಲ, ಅದಕ್ಕೆ. ನೀರಿನ ತಳ ನೋಡಿಬಂದವನು ಎಂದು ಅವನಿಗೆ ಹೆಸರಾಯಿತು.

ಉಳಿದ ದೋಣಿಯವರು ತಮ್ಮತಮ್ಮಲ್ಲಿ ಕೂಗುತ್ತಲೇ ಇದ್ದರು. ಆದರೆ ಅಂಬಿಗನ ದೋಣಿ ಹತ್ತಿರ ಬಂದರೆ ಸುಮ್ಮನಾಗುತ್ತಿದ್ದರು. ಅವರಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಎಲ್ಲ ತಿಳಿದವನಿಗೆ ಹೇಳುವುದೇನು ಎಂಬ ಸಂಕೋಚವಷ್ಟೇ. ಕೆಲವು ಸಂಜೆ ದೂರದಿಂದ ಆ ಕೂಗು ಅಂಬಿಗನಿಗೆ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ಆಗ ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಅಪ್ಪನ ಕಾಲ ಬಳಿಯ ಆ ತೇವದ ವಾಸನೆ ನೆನಪಾಗುತ್ತಿತ್ತು. ಹತ್ತಿರ ಹೋದರೆ ಕೂಗು ನಿಲ್ಲುತ್ತದೆ ಎಂದು ಗೊತ್ತಿದ್ದರಿಂದ ಅಲ್ಲೇ ನಿಂತಿರುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಆಚೆ ದಡದ ಮನೆಯೊಂದಕ್ಕೆ ಅವಳ ಮದುವೆ ಗೊತ್ತಾಯಿತು. ಹೊತ್ತು ನೆತ್ತಿಗೆ ಬರುವ ಮೊದಲು ಧಾರೆ. ಮಗಳ ಕೈಗೆ ಧಾರೆ ಎರೆಯುವ ಆ ಗಳಿಗೆಗಾಗಿ ಅಂಬಿಗ ಅವಳು ಹುಟ್ಟಿದಂದಿನಿಂದ ಕಾದಿದ್ದ.

ಆ ವರ್ಷ ಮಳೆ ಜೋರಾಗಿತ್ತು. ದೋಣಿಗಳು ನಾಲ್ಕು ತಿಂಗಳು ದಡದ ಮೇಲಿದ್ದವು. ಮಳೆ ನಿಂತ ಮೇಲೆ ಅಂಬಿಗ ತನ್ನ ಮಡುವಿಗೆ ಹೋಗಿಬರುತ್ತಿದ್ದನೇ ಹೊರತು ಹೊಳೆಯನ್ನು ಅಡ್ಡ ದಾಟಿರಲಿಲ್ಲ. ಮದುವೆಯ ಬೆಳಿಗ್ಗೆ ನೆಂಟರು ಉಳಿದ ದೋಣಿಗಳನ್ನು ಹತ್ತಿದರು. ಮದುಮಗಳು, ಅವಳ ತಾಯಿ, ನಾಲ್ಕಾರು ಮುದುಕಿಯರು ಅಂಬಿಗನ ದೋಣಿಯಲ್ಲಿ ಕೂತರು. ಅವನು ನಡುಹೊಳೆಗೆ ನೇರವಾಗಿ ಬಿಟ್ಟ. ಹಲಗೆಯ ಪ್ರಕಾರ ಅಲ್ಲಿ ನಾಲ್ಕು ಮಾರು.

ನಡುಹೊಳೆಯಲ್ಲಿ ದೋಣಿ ಕರ್ರೆಂದು ಮರಳು ಹತ್ತಿ ಕೂತಿತು.

ಅದು ನೀರು ಇಳಿಯುವ ಹೊತ್ತು. ಅಂಬಿಗ ಇಳಿದು ತಳ್ಳಿದ. ದೋಣಿ ಅಲುಗಲಿಲ್ಲ. ಸಂಜೆ ನೀರು ಏರುವವರೆಗೆ ಇನ್ನು ಅಲುಗುವಂತೆಯೂ ಇರಲಿಲ್ಲ. ಅಷ್ಟರಲ್ಲಿ ನೆಂಟರ ದೋಣಿಗಳು ದೂರದಲ್ಲಿ, ತೆಂಕಣ ದಡವನ್ನು ಬಳಸಿಕೊಂಡು, ಹೊಸ ದಾರಿಯಲ್ಲಿ ಸಾಗಿದವು. ಅಂಬಿಗ ನಿಲ್ಲಿಸಿದ್ದಾನೆಂದರೆ ಏನೋ ಕಾರಣವಿರುತ್ತದೆ ಎಂದುಕೊಂಡು ಅವರು ಕೈ ಬೀಸಿದರು. ಅಂಬಿಗನೂ ನಗುತ್ತಾ ಕೈ ಬೀಸಿದ. ಯಾಕೆ ಬೀಸಿದೆ ಎಂದು ಆಮೇಲೆ ಅವನು ಬಹಳ ಸಲ ಯೋಚಿಸಿದ. ತಳ ನೋಡಿಬಂದವನು ಮರಳಿಗೆ ಸಿಕ್ಕಿದ್ದಾನೆ ಎಂದು ಹೇಗೆ ತೋರಿಸಿಕೊಳ್ಳುವುದು?

ಕೊನೆಯ ದೋಣಿಯೂ ಮರೆಯಾಯಿತು. ಹೊತ್ತು ಏರಿತು. ಮಗಳು ಬಿಸಿಲನ್ನು ನೋಡಿದಳು. ಆಗ ಅವನು ಕೂಗಿದ. ಹದಿನೈದು ವರ್ಷ ಕೂಗದ ಗಂಟಲು, ದನಿ ಅರ್ಧಕ್ಕೇ ಒಡೆಯಿತು.

ಅದು ಕೇಳಿಸಿದ್ದು ಒಬ್ಬ ಜವಳಿ ವ್ಯಾಪಾರಿಗೆ. ಕೊಡೆ ಬಿಡಿಸಿಕೊಂಡು ಪುಟ್ಟ ದೋಣಿಯಲ್ಲಿ ಗಾಳ ಹಾಕಿ ಕೂತಿದ್ದವನು ನಿಧಾನವಾಗಿ ಹತ್ತಿರ ಬಂದ.

“ಅಂಬಿಗರೇ, ಇಲ್ಲಿ ಮೊಣಕಾಲುದ್ದವೂ ನೀರಿಲ್ಲ! ಮೊನ್ನೆ ನಾನೇ ಸಿಕ್ಕಿಕೊಂಡು ಎಲ್ಲರಿಗೂ ಕೂಗಿ ಹೇಳಿದೆನಲ್ಲ!”

“ನನಗೆ ಹೇಳಲಿಲ್ಲ,” ಎಂದ ಅಂಬಿಗ.

ವ್ಯಾಪಾರಿ ಕೊಡೆ ಓರೆಮಾಡಿ ಅವನನ್ನೇ ನೋಡಿದ. “ನಿಮಗೇ? ಮೀನಿಗೆ ಯಾರಾದರೂ ಈಜು ಕಲಿಸುತ್ತಾರೆಯೇ?”

ಆ ದೋಣಿಯಲ್ಲಿ ಮೂವರಿಗೆ ಮಾತ್ರ ಜಾಗ. ವ್ಯಾಪಾರಿ ಹುಟ್ಟು ಹಾಕಬೇಕು. ತಾಯಿಯಿಲ್ಲದೆ ಮಗಳು ಹೋಗುವಂತಿಲ್ಲ. ಮುದುಕಿಯರನ್ನು ಮರಳಿನ ಮೇಲೆ ಬಿಟ್ಟು ಅಂಬಿಗ ಹೋಗುವಂತಿಲ್ಲ. ಇನ್ನೊಂದು ದೋಣಿ ಬಂದು ಕರೆದೊಯ್ಯುವಷ್ಟು ಹೊತ್ತೂ ಧಾರೆಗೆ ಉಳಿದಿರಲಿಲ್ಲ. ಮದುಮಗಳು ಎರೆಹುಳುವಿನ ಡಬ್ಬಿಯ ಪಕ್ಕದಲ್ಲಿ ಸೀರೆ ಮುದುರಿ ಕೂತಳು. ದೋಣಿ ದೂರವಾಗುವವರೆಗೂ ತಿರುಗಿ ನೋಡುತ್ತಲೇ ಇದ್ದಳು.

ಸ್ವಲ್ಪ ಹೊತ್ತಿಗೆ ಆಚೆ ದಡದಿಂದ ವಾಲಗ ಕೇಳಿತು. ಆಮೇಲೆ ಗಟ್ಟಿಮೇಳ. ಹುಡುಗಿಯ ಸೋದರಮಾವ ಧಾರೆ ಎರೆಯುತ್ತಿರಬೇಕು ಎಂದುಕೊಂಡ ಅಂಬಿಗ. ಅವನ ಸುತ್ತ ಅಷ್ಟೊಂದು ನೀರಿತ್ತು. ಮಗಳ ಕೈಗೆ ಬೀಳಬೇಕಾದ ಆ ಒಂದು ಧಾರೆ ಮಾತ್ರ ಅವನ ಕೈಯಿಂದ ಆಗಲಿಲ್ಲ.

ಹೊತ್ತು ವಾಲಿತು. ಕಡಲಿನ ಕಡೆಯಿಂದ ಒಂದು ದೋಣಿ ಬರುವುದು ಕಾಣಿಸಿತು. ಅಂಬಿಗ ಮರಳಿನ ಮೇಲೆ ಎದ್ದು ನಿಂತ. ಎರಡೂ ಕೈ ಬಾಯಿಗೆ ಹಿಡಿದು, ಅಪ್ಪ ಎಳೆಯುತ್ತಿದ್ದ ರಾಗದಲ್ಲೇ ಕೂಗಿದ.

“ನಡುಹೊಳೆ ಮೊಣಕಾಲುದ್ದ!”

ದೋಣಿ ನಿಂತಿತು. ಆಮೇಲೆ ನೆರೆಮನೆಯವನ ದನಿ ನೀರಿನ ಮೇಲೆ ತೇಲಿ ಬಂತು.

“ತಿಳಿಯಿತಣ್ಣಾ! ಹಗ್ಗ ಕೂಡಿತೇ?”

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ಕೊಳವೆಯನ್ನು ಇನ್ನಷ್ಟು ಒತ್ತಿ ಹಿಡಿದ. “ಗುರುಗಳೇ, ಅವನ ನಕ್ಷೆ ಹಳೆಯದಾಗಿತ್ತು. ನಾನು ಒಂದೊಂದು ಜಾಗವನ್ನೂ ಮೂರು ಮೂರು ಸಲ ಅಳೆದಿದ್ದೇನೆ. ನನ್ನದರಲ್ಲಿ ಒಂದು ತಪ್ಪೂ ಇಲ್ಲ.”

ಗುರುಗಳು ಹಿನ್ನೀರಿನ ಕಡೆ ನೋಡಿದರು. ಮಳೆಗಾಲ ಮುಗಿದು ವಾರವಾಗಿತ್ತು. ನೀರು ಇನ್ನೂ ಕೆಂಪಗಿತ್ತು.

“ಅದು ತಪ್ಪಾದ ದಿನ, ನಿನಗೆ ಕೂಗಿ ಹೇಳುವವರು ಯಾರು?”