ಮರಗಪ್ಪೆಯ ಕೊರಳಿನ ಹುಲ್ಲುದಾರ

ಒಂದು ಕಾಡು. ಕಾಡಿನ ನಡುವೆ ಜೊಂಡು ಬೆಳೆದ ಒಂದು ಕೆರೆ. ಆ ಕೆರೆಯ ಸುತ್ತ ಒಂದೊಂದು ಕಡೆ ಒಂದೊಂದು ವಿದ್ಯೆ ಕಲಿಸುತ್ತಿದ್ದರು. ಜಾಲಿಮರದಲ್ಲಿ ಗೀಜಗಗಳು ಗೂಡು ನೇಯುವುದನ್ನು ಕಲಿಯುತ್ತಿದ್ದವು. ಒಣಗಿದ ಮತ್ತಿಮರದಲ್ಲಿ ಮರಕುಟಿಗಗಳು ಮರಗೆಲಸ ಕಲಿಯುತ್ತಿದ್ದವು. ಜೊಂಡಿನ ಮರೆಯಲ್ಲಿ ಕಪ್ಪೆಗಳು ಹಾಡು ಕಲಿಯುತ್ತಿದ್ದವು. ದಂಡೆಯ ಹೊಂಗೆಮರದ ಕೆಳಗೆ ಅಳಿಲು, ಕಾಗೆ, ಇಲಿಗಳು ವ್ಯಾಪಾರ ಕಲಿಯುತ್ತಿದ್ದವು.

ವ್ಯಾಪಾರ ಕಲಿಯುವವರು ತಮ್ಮದೇ ಒಂದು ಬಳಗ ಕಟ್ಟಿಕೊಂಡಿದ್ದರು. ಅದಕ್ಕೆ ಸಂತೆ ಬಳಗ ಎಂದು ಹೆಸರು. ಗುಡ್ಡದ ಮೇಲಿನ ಹಾಸುಬಂಡೆಯಲ್ಲಿ ವಾರಕ್ಕೊಮ್ಮೆ ಸಂತೆ ನಡೆಸುವುದು ಅವರ ಕೆಲಸ. ಬಳಗದವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಎಲ್ಲರೂ ಕೊರಳಿಗೆ ಹಸಿರು ಹುಲ್ಲಿನ ದಾರ ಕಟ್ಟಿಕೊಳ್ಳುತ್ತಿದ್ದರು. ದಾರ ಕಟ್ಟಿಕೊಂಡ ದಿನದಿಂದ ಅಳಿಲು ಬಾಲವನ್ನು ಇನ್ನಷ್ಟು ಮೇಲೆತ್ತಿ ನಡೆಯುತ್ತಿತ್ತು. ಅದು ಬೇರೆ ಮಾತು.

ಆ ವರ್ಷ ಬಳಗಕ್ಕೆ ಹಿರಿಯಳಾಗಿದ್ದವಳು ಒಂದು ಗೊರವಂಕ ಹಕ್ಕಿ. ಎಲ್ಲರೂ ಅವಳನ್ನು ಗೊರವಕ್ಕ ಎಂದು ಕರೆಯುತ್ತಿದ್ದರು. ಬೇಸಿಗೆಯ ಒಂದು ಬೆಳಿಗ್ಗೆ ಅವಳು ಹೊಂಗೆಮರದ ತುದಿಗೆ ಹಾರಿ, ಕೆರೆಗೆಲ್ಲ ಕೇಳುವಂತೆ ಹೇಳಿದಳು: "ಈ ಸಲ ಯಾರು ಬೇಕಾದರೂ ಸಂತೆ ಬಳಗ ಸೇರಬಹುದು. ಯಾವ ಮರದ ಕೆಳಗೆ ಕಲಿಯುತ್ತೀರಿ ಎಂದು ನಾವು ಕೇಳುವುದಿಲ್ಲ."

ಕೆಳಗಿದ್ದ ಗೆರೆಯಣ್ಣನೆಂಬ ಅಳಿಲಿಗೆ ಇದು ಹಿಡಿಸಲಿಲ್ಲ. "ವ್ಯಾಪಾರ ತಿಳಿಯದವರು ವ್ಯಾಪಾರದ ಬಳಗದಲ್ಲಿ ಏನು ಮಾಡುತ್ತಾರೆ, ಅಕ್ಕ?"

"ಕಲಿಯುತ್ತಾರೆ," ಎಂದಳು ಗೊರವಕ್ಕ. "ನಮಗೂ ಏನಾದರೂ ಕಲಿಸಿಯಾರು."

ಜೊಂಡಿನಲ್ಲಿ ಕುಳಿತು ಈ ಮಾತನ್ನು ಕೇಳಿದವನು ಗುಳ್ಳಪ್ಪ. ಅವನೊಂದು ಮರಗಪ್ಪೆ. ಹಾಡುವಾಗ ಅವನ ಗಂಟಲು ದೊಡ್ಡ ನೀರುಗುಳ್ಳೆಯಂತೆ ಉಬ್ಬುತ್ತಿದ್ದುದರಿಂದ ಆ ಹೆಸರು. ನೂರು ಕಪ್ಪೆಗಳ ನಡುವೆ ಹಾಡು ಎಂದರೆ ಅವನು ಹಾಡುತ್ತಿದ್ದ. ಆದರೆ ಎದುರಿಗೆ ಬಂದು ಯಾರಾದರೂ "ಚೆನ್ನಾಗಿದ್ದೀಯಾ?" ಎಂದರೆ ಸಾಕು, ಬುಳುಕ್ಕೆಂದು ನೀರಿಗೆ ಬೀಳುತ್ತಿದ್ದ. ಅವನಿಗೆ ತನ್ನ ಈ ನಾಚಿಕೆಯ ಬಗ್ಗೆಯೇ ನಾಚಿಕೆಯಿತ್ತು. ಬಳಗ ಸೇರಿದರೆ ನಾಲ್ಕು ಜನರೊಡನೆ ಮಾತಾಡಲು ಬಂದೀತು, ನಾಲ್ಕು ಜನ ಸ್ನೇಹಿತರಾದಾರು ಎಂದು ಅವನು ಎರಡು ದಿನ ಯೋಚಿಸಿದ. ಮೂರನೆಯ ದಿನ ಹಾರಿ ಹಾರಿ ಗುಡ್ಡ ಹತ್ತಿದ.

ಹೊಸಬರಿಗೆ ಬಳಗದಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಮ್ಮಲ್ಲಿ ಇಲ್ಲದ್ದು ನಿನ್ನಲ್ಲಿ ಏನಿದೆ?"

ಗುಳ್ಳಪ್ಪ ಬಾಯಿ ತೆರೆಯುವ ಮೊದಲೇ ಗೆರೆಯಣ್ಣ ನಕ್ಕ. "ಇವನು ಹಾಡಿನ ಶಾಲೆಯವನಲ್ಲವೇ? ಸಂತೆಯಲ್ಲಿ ಕೂತು ವಟಗುಟ್ಟಿದರೆ ಬಂದ ಗಿರಾಕಿಯೂ ಓಡಿಹೋಗುತ್ತದೆ."

"ಮೊದಲು ದಾರ ಕಟ್ಟುವುದು ಎಲ್ಲಿಗೆ, ಅದನ್ನು ಹೇಳಿ," ಎಂದಿತು ಕಾಗೆ. "ಇವನಿಗೆ ತಲೆ ಮುಗಿದ ಕೂಡಲೇ ಹೊಟ್ಟೆ. ಕೊರಳೇ ಇಲ್ಲ!"

ಎಲ್ಲರೂ ನಕ್ಕರು. ಗುಳ್ಳಪ್ಪನೂ ನಗಲು ನೋಡಿದ. ಆಮೇಲೆ ತಾನು ಹೇಳಬೇಕೆಂದು ದಾರಿಯುದ್ದಕ್ಕೂ ನೆನೆಸಿಕೊಂಡು ಬಂದಿದ್ದ ಉತ್ತರವನ್ನು ನುಂಗಿಕೊಂಡು ಹೇಳಿದ: "ಹಾಡುವುದನ್ನು ಬಿಟ್ಟುಬಿಟ್ಟಿದ್ದೇನೆ. ನಾನು ನಿಮ್ಮ ಹಾಗೆಯೇ ಇರುತ್ತೇನೆ."

ಅವನು ಹುಲ್ಲಿನ ದಾರವನ್ನು ತೆಗೆದುಕೊಂಡು, ಗಂಟಲಿನ ಸಡಿಲ ಚರ್ಮದ ಮೇಲೆ ಸುತ್ತಿ, ಜಾರದಂತೆ ಗಂಟು ಬಿಗಿದ. ಗುಳ್ಳೆ ಉಬ್ಬಲು ಎಳ್ಳಷ್ಟೂ ಜಾಗ ಉಳಿಯಲಿಲ್ಲ.

ಗೊರವಕ್ಕ ತಲೆ ಓರೆ ಮಾಡಿ ನೋಡಿದಳು. "ಬಿಗಿಯಾಯಿತೇನೋ, ತಮ್ಮಾ?"

"ಇಲ್ಲ ಅಕ್ಕ. ಸರಿಯಾಗಿದೆ."

ಪ್ರತಿ ಹೊಸಬನಿಗೂ ಒಬ್ಬರು ಹಳಬರು ಜೊತೆಯಾಗಬೇಕು ಎನ್ನುವುದು ಬಳಗದ ಪದ್ಧತಿ. ಗುಳ್ಳಪ್ಪನಿಗೆ ಯಾರೂ ಮುಂದೆ ಬರಲಿಲ್ಲ. ಗೊರವಕ್ಕನೇ ಜೊತೆಯಾದಳು.

ಅವಳು ಅವನಿಗೆ ಗಿರಾಕಿಯ ಕಣ್ಣು ನೋಡಿ ಮಾತಾಡುವುದನ್ನು ಕಲಿಸಿದಳು. "ನೀರು ಹುಡುಕಬೇಡ, ಇಲ್ಲಿ ನೀರಿಲ್ಲ. ಮೊಲ ಬಂದರೆ ಏನನ್ನುತ್ತೀಯ?"

"ಬನ್ನಿ... ಬನ್ನಿ ಯಜಮಾನರೇ, ಏನು ಬೇಕಿತ್ತು?"

"ಹಾಗೆ. ಇನ್ನೊಂದು ಸಲ ಹೇಳು. ಈ ಸಲ ಮೊಲಕ್ಕೆ ಕೇಳಬೇಕು."

ಕಾಳನ್ನು ಹೊಂಗೆಕಾಯಿಯ ಸಿಪ್ಪೆಯಲ್ಲಿ ಅಳೆಯುವುದನ್ನು ಕಲಿಸಿದಳು. ಅಳೆದ ಮೇಲೆ ಒಂದು ಚಿಟಿಕೆ ಹೆಚ್ಚು ಹಾಕುವುದನ್ನೂ ಕಲಿಸಿದಳು. ಬಂಡೆ ಕಾದು ಅವನ ಮೈ ಒಣಗತೊಡಗಿದರೆ ಹೇಳದೆಯೇ ಕೆರೆಗೆ ಹಾರಿ, ಕೊಕ್ಕಿನಲ್ಲಿ ನೀರು ತಂದು ಬೆನ್ನಿನ ಮೇಲೆ ಹನಿಸುತ್ತಿದ್ದಳು. ಅಷ್ಟು ದೂರ ಹೋಗಿಬರುವುದು ಒಂದು ಹನಿಗಾಗಿ. ಗುಳ್ಳಪ್ಪನಿಗೆ ಏನಾದರೂ ಹೇಳಬೇಕೆನಿಸುತ್ತಿತ್ತು. ನಾಚಿ, ತಲೆ ತಗ್ಗಿಸಿ ಮತ್ತೆ ಕಾಳು ಅಳೆಯುತ್ತಿದ್ದ.

ಬಂಡೆಯ ಪಕ್ಕದಲ್ಲಿ ಒಂದು ತಗ್ಗು ಜಾಗವಿತ್ತು. ಸಂತೆ ಎಷ್ಟೇ ತುಂಬಲಿ, ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಸಂತೆ ಮುಗಿದ ಮೇಲೆ ಗೊರವಕ್ಕ ಆ ಜಾಗದ ತರಗೆಲೆಗಳನ್ನು ಕೊಕ್ಕಿನಿಂದ ಆಯ್ದು ಚೊಕ್ಕಟ ಮಾಡುತ್ತಿದ್ದಳು. ಏಕೆ ಎಂದು ಅವನು ಕೇಳಲಿಲ್ಲ.

ಆ ವರ್ಷ ಕಾಡಿನಲ್ಲಿ ಬಿದಿರು ಹೂಬಿಟ್ಟಿತು. ಮಕ್ಕಳೇ, ಬಿದಿರು ಹೂಬಿಡುವುದು ಎಷ್ಟೋ ವರ್ಷಗಳಿಗೊಮ್ಮೆ. ಹೂ ಬಿಟ್ಟು, ಕಾಳು ಕಟ್ಟಿ, ಬಿದಿರಕ್ಕಿ ಉದುರಿಸಿ, ಬಿದಿರಿನ ಮೆಳೆ ಸತ್ತುಹೋಗುತ್ತದೆ. ಕಾಡಿನವರೆಲ್ಲ ಆ ಅಕ್ಕಿಯನ್ನು ಆಯ್ದು ತಂದು ಬಳಗದವರ ಕೈಗೆ ಒಪ್ಪಿಸಿದರು. "ಒಣಗಿಸಿ ಇಡಿ. ಮಳೆಗಾಲದಲ್ಲಿ ಇದೇ ನಮ್ಮ ಮಕ್ಕಳ ಹೊಟ್ಟೆಗೆ," ಎಂದರು. ಗೆರೆಯಣ್ಣ ಎದೆಯ ಮೇಲೆ ಕೈಯಿಟ್ಟು, "ನಮ್ಮನ್ನು ನಂಬಿ," ಎಂದ.

ಬಿದಿರಕ್ಕಿಯನ್ನು ಹಾಸುಬಂಡೆಯ ತುಂಬ ಹರಡಿದರು. ಮುಂಗಾರಿಗೆ ಇನ್ನೂ ಹದಿನೈದು ದಿನವಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು.

ನಡುಮಧ್ಯಾಹ್ನ ಗುಳ್ಳಪ್ಪನ ಬೆನ್ನು ಜುಮ್ಮೆಂದಿತು.

ಅದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಡಿನ ಶಾಲೆಯಲ್ಲಿ ಕಪ್ಪೆಗಳಿಗೆ ಕಲಿಸುವ ಮೊದಲ ಪಾಠವೇ ಅದು: ಬೆನ್ನು ಜುಮ್ಮೆಂದರೆ ಮಳೆ ಹತ್ತಿರ ಬಂದಿದೆ, ಗಂಟಲು ಬಿಚ್ಚಿ ಹಾಡು. ಕೆಳಗೆ ಕೆರೆಯಲ್ಲಿ ಆಗಲೇ ಎಲ್ಲರೂ ಹಾಡತೊಡಗಿರಬೇಕು. ಆದರೆ ಆ ದನಿ ಗುಡ್ಡದ ಮೇಲಿನವರೆಗೆ ಬರುವುದಿಲ್ಲ. ಮೋಡ ಬರುವುದೋ ಗುಡ್ಡದ ಬೆನ್ನ ಹಿಂದಿನಿಂದ. ತಲೆಯ ಮೇಲೆ ಬರುವವರೆಗೂ ಕಾಣುವುದಿಲ್ಲ. ಆ ಬಂಡೆಯ ಮೇಲೆ ಮಳೆಯ ವಿಷಯ ತಿಳಿದವನು ಅವನೊಬ್ಬನೇ.

ಅವನ ಗಂಟಲು ಉಬ್ಬಲು ನೋಡಿತು. ದಾರ ಕಚ್ಚಿತು. ಗಂಟು ಬಿಚ್ಚಲೇ ಎಂದು ಕೈ ಎತ್ತಿದ. ಎದುರಿಗೆ ಗೆರೆಯಣ್ಣ ಒಂದು ದೊಡ್ಡ ಕಡವೆಯೊಡನೆ ಗಂಭೀರವಾಗಿ ಮಾತಾಡುತ್ತಿದ್ದ. ಈಗ ವಟಗುಟ್ಟಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಕಾಗೆ ನಗುತ್ತದೆ. ಹಾಡು ಬಿಟ್ಟಿದ್ದೇನೆ ಎಂದು ಅವನೇ ಹೇಳಿದ್ದಾನೆ. ಸುಳ್ಳಾಗಿದ್ದರೆ? ಮಳೆ ಬಾರದಿದ್ದರೆ?

ಅವನು ಕೈ ಇಳಿಸಿದ.

ಸ್ವಲ್ಪ ಹೊತ್ತಿಗೆ ಬಂಡೆಯ ಮೇಲೆ ನೆರಳು ಬಿತ್ತು. ಮರುಕ್ಷಣ ಮಳೆ ಧೋ ಎಂದಿತು. ಯಾರು ಎಷ್ಟು ಓಡಿದರೂ ಅರ್ಧ ಅಕ್ಕಿಯನ್ನಷ್ಟೇ ಬಂಡೆಯ ಹಿಂದಿನ ಮುದಿಮರದ ದೊಡ್ಡ ಪೊಟರೆಗೆ ಸೇರಿಸಲಾಯಿತು. ಉಳಿದರ್ಧ ಕೆಂಪು ನೀರಿನೊಡನೆ ಗುಡ್ಡ ಇಳಿದು ಹೋಯಿತು.

ಮಳೆ ನಿಂತಿತು. ಗೆರೆಯಣ್ಣ ಬಂಡೆಯ ಬಿರುಕಿನಲ್ಲಿ ಸಿಕ್ಕಿದ್ದ ಕಾಳುಗಳನ್ನು ಒಂದೊಂದಾಗಿ ಆಯುತ್ತಿದ್ದ. ಅವನ ಬಾಲ ನೆಲಕ್ಕಂಟಿತ್ತು.

"ಯಾರಿಗೆ ಗೊತ್ತಿತ್ತು ಮಳೆ ಬರುತ್ತದೆಂದು?" ಎಂದಿತು ಕಾಗೆ.

"ನನಗೆ ಗೊತ್ತಿತ್ತು," ಎಂದ ಗುಳ್ಳಪ್ಪ.

ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ಹೇಳಿದ.

ಗೆರೆಯಣ್ಣ ಎದ್ದು ನಿಂತ. "ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದೆಯಾ? ಕಾಡಿನವರಿಗೆ ನಾನೀಗ ಯಾವ ಮುಖ ತೋರಿಸಲಿ? ಅಕ್ಕ, ಇವನ ದಾರ ಬಿಚ್ಚಿಸಿ ಕಳಿಸಿಬಿಡಿ."

ಗೊರವಕ್ಕ ಗುಳ್ಳಪ್ಪನ ಹತ್ತಿರ ಬಂದಳು. "ಏಕೆ ಹೇಳಲಿಲ್ಲ, ತಮ್ಮಾ?"

"ನಾನೂ ನಿಮ್ಮ ಹಾಗೆ ಇರಬೇಕೆಂದಿದ್ದೆ, ಅಕ್ಕ. ವ್ಯಾಪಾರದವರು ಯಾರೂ ವಟಗುಟ್ಟುವುದಿಲ್ಲವಲ್ಲ."

ಗೊರವಕ್ಕ ಕೊಕ್ಕು ಚಾಚಿ ಅವನ ಗಂಟಲಿನ ಗಂಟನ್ನು ಬಿಚ್ಚಿದಳು. ಮುಗಿಯಿತು, ಇನ್ನು ಕೆರೆಗೆ ಹೋಗುವುದೇ ಎಂದುಕೊಂಡ ಗುಳ್ಳಪ್ಪ. ಅವಳು ಅದೇ ದಾರವನ್ನು ಅವನ ಮುಂಗೈಗೆ ಸುತ್ತಿ, ಸಡಿಲವಾಗಿ ಕಟ್ಟಿದಳು.

"ನಮ್ಮ ಹಾಗೆ ಇರುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ," ಎಂದಳು. "ನಿನ್ನನ್ನು ಕೇಳಿದ ಪ್ರಶ್ನೆ ನೆನಪಿದೆಯೇ? ನಮ್ಮಲ್ಲಿ ಇಲ್ಲದ್ದು ನಿನ್ನಲ್ಲಿ ಏನಿದೆ ಎಂದು ತಾನೇ ಕೇಳಿದ್ದು? ನೀನು ಉತ್ತರ ಹೇಳದೆ ಹೋದೆ. ಇವನು ನಕ್ಕ, ನೀನು ಮುಚ್ಚಿಟ್ಟೆ. ನೋಡುತ್ತಿದ್ದ ನಾನು ಬಿಗಿಯಾಯಿತೇ ಎಂದು ಒಂದು ಮಾತು ಕೇಳಿ ಬಿಟ್ಟುಬಿಟ್ಟೆ. ಹೋದ ಅಕ್ಕಿಯಲ್ಲಿ ಮೂವರ ಪಾಲೂ ಇದೆ, ಗೆರೆಯಣ್ಣ."

ಗೆರೆಯಣ್ಣ ಮತ್ತೆ ಬಿರುಕಿನ ಕಾಳು ಆಯಲು ಕುಳಿತ.

ಮೂರು ದಿನದ ಮೇಲೆ, ಸಂತೆಯ ದಿನ, ಪೊಟರೆ ಸೇರಿದ್ದ ಅರ್ಧ ಅಕ್ಕಿಯನ್ನು ಮತ್ತೆ ಬಂಡೆಯ ಮೇಲೆ ಹರಡಿದರು. ಬಿಸಿಲು ಸುಡುತ್ತಿತ್ತು. ಇದೂ ಹೋದರೆ ಮಳೆಗಾಲದಲ್ಲಿ ಕಾಡಿನ ಮರಿಗಳಿಗೆಲ್ಲ ಉಪವಾಸ.

ಮಧ್ಯಾಹ್ನ ದಾಟುವಾಗ ಗುಳ್ಳಪ್ಪನ ಬೆನ್ನು ಮತ್ತೆ ಜುಮ್ಮೆಂದಿತು. ಅವನು ಆಕಾಶ ನೋಡಿದ. ಒಂದು ಚೂರು ಮೋಡವಿರಲಿಲ್ಲ. ಬಂಡೆಯ ಪಕ್ಕದ ನೆಲ್ಲಿಮರಕ್ಕೆ ಹಾರಿ, ಕಾಂಡಕ್ಕಂಟಿಕೊಂಡು ತುದಿಯವರೆಗೆ ಹತ್ತಿದ. ಕಣ್ಣು ಮುಚ್ಚಿದ. ಗಂಟಲು ಉಬ್ಬಿತು, ಇನ್ನೂ ಉಬ್ಬಿತು, ತಲೆಗಿಂತ ದೊಡ್ಡದಾಯಿತು.

"ವಟರ್! ವಟರ್! ವಟರ್!"

ಸಂತೆಗೆ ಬಂದವರೆಲ್ಲ ತಲೆಯೆತ್ತಿದರು. ಮೊಲ ಹೌಹಾರಿ ಕಡವೆಯ ಕಾಲಡಿಗೆ ನುಗ್ಗಿತು. ಯಾರೋ ನಕ್ಕರು. "ಬಿಸಿಲು ನೆತ್ತಿಗೇರಿರಬೇಕು," ಎಂದರು ಇನ್ಯಾರೋ.

ಗುಳ್ಳಪ್ಪ ನಿಲ್ಲಿಸಲಿಲ್ಲ.

ಗೆರೆಯಣ್ಣ ಆಕಾಶ ನೋಡಿದ. ಮರದ ತುದಿ ನೋಡಿದ. ಆಮೇಲೆ, ಎಲ್ಲರಿಗಿಂತ ಮೊದಲು, ಅವನೇ ಕೂಗಿದ: "ಬಾಚಿ! ಏನು ನೋಡುತ್ತಾ ನಿಂತಿದ್ದೀರಿ? ಗುಳ್ಳಪ್ಪ ಹೇಳುತ್ತಿದ್ದಾನೆ, ಬಾಚಿ!"

ಇಲಿಗಳು ಬಾಚಿದವು. ಕಾಗೆ ಕೊಕ್ಕು ತುಂಬ ಹೊತ್ತಿತು. ನಕ್ಕವರೂ ಕೈ ಹಾಕಿದರು. ಕೊನೆಯ ಹಿಡಿ ಅಕ್ಕಿ ಪೊಟರೆ ಸೇರುವುದಕ್ಕೂ ಮೊದಲ ಹನಿ ಬಂಡೆಗೆ ಬೀಳುವುದಕ್ಕೂ ಸರಿಹೋಯಿತು.

ಮಳೆಯಲ್ಲಿ ನೆನೆಯುತ್ತ ಗುಳ್ಳಪ್ಪ ಮರ ಇಳಿದು ಬಂದ. ಗೆರೆಯಣ್ಣ ಪೊಟರೆಯ ಬಾಯಲ್ಲಿ ನಿಂತಿದ್ದ. "ನೀನು ಹಾಡಿದರೆ ಗಿರಾಕಿ ಓಡಿಹೋಗುತ್ತದೆ ಅಂದಿದ್ದೆನಲ್ಲ," ಎಂದ ತಗ್ಗಿದ ದನಿಯಲ್ಲಿ. "ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಪ್ಪ."

"ಮೊಲ ಓಡಿಹೋದದ್ದು ನಿಜ ತಾನೇ," ಎಂದ ಗುಳ್ಳಪ್ಪ.

ಪೊಟರೆಯ ಒಳಗೆಲ್ಲ ನಗು ತುಂಬಿತು. ಈ ಸಲ ಅವನು ನಗಲು ಕಷ್ಟಪಡಬೇಕಾಗಲಿಲ್ಲ. ಕಾಗೆಯಂತೂ ಆ ಹೊತ್ತಿನಲ್ಲೇ ತನ್ನ ಕೊರಳಿನ ದಾರ ಬಿಚ್ಚಿ ಕಾಲಿಗೆ ಕಟ್ಟಿಕೊಂಡಿತು. "ನನಗೂ ಅಲ್ಲಿ ತುರಿಸುತ್ತಿತ್ತು, ಯಾರಿಗೂ ಹೇಳಿರಲಿಲ್ಲ," ಎಂದಿತು.

ಮಳೆ ನಿಂತಿತು. ಗೊರವಕ್ಕ ಆ ತಗ್ಗು ಜಾಗದಲ್ಲಿ ನಿಂತ ನೀರನ್ನು ರೆಕ್ಕೆಯಿಂದ ಹೊರಗೆ ಚೆಲ್ಲುತ್ತಿದ್ದಳು. ಗುಳ್ಳಪ್ಪ ಅವಳ ಪಕ್ಕ ಹೋಗಿ ಕುಳಿತ.

"ಅಕ್ಕ, ನೀವು ನನಗೆ ಮಾತು ಕಲಿಸಿದಿರಿ. ಬಿಸಿಲಲ್ಲಿ ನೀರು ತಂದಿರಿ. ತಪ್ಪು ಮಾಡಿದಾಗಲೂ ಕಳಿಸಲಿಲ್ಲ. ನಾನು ನಿಮಗೆ ಏನು ಕೊಡಲಿ?"

ಗೊರವಕ್ಕ ರೆಕ್ಕೆ ಕೊಡವಿಕೊಂಡಳು.

"ಇದು ಆಮೆಯಜ್ಜನ ಜಾಗ," ಎಂದಳು. "ಬಳಗ ಕಟ್ಟಿದವನು ಅವನೇ. ನಾನೂ ಹೊಂಗೆಮರದ ಕೆಳಗೆ ಕಲಿತವಳಲ್ಲ, ತಮ್ಮಾ. ಹತ್ತು ಹಕ್ಕಿಗಳ ದನಿ ಅನುಕರಿಸುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಹತ್ತು ಬಗೆಯ ಗಿರಾಕಿಗಳೊಡನೆ ಅವರವರ ಮಾತಿನಲ್ಲಿ ಮಾತಾಡುವವಳು ಬೇಕಾಗಿತ್ತು ಎಂದು ಅಜ್ಜ ನನ್ನನ್ನು ಕರೆದುಕೊಂಡ. 'ಅಜ್ಜಾ, ನಿನ್ನಿಂದ ನನಗೆ ಉಪಕಾರವಾಯಿತು' ಎಂದು ಅವನಿಗೆ ಹೇಳಬೇಕೆಂದುಕೊಂಡಿದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಿದ್ದೆ. ಹೇಳಲು ಬಂದ ದಿನ ಈ ಜಾಗ ಖಾಲಿಯಿತ್ತು."

ಗುಳ್ಳಪ್ಪ ಆ ಖಾಲಿ ಜಾಗವನ್ನು ನೋಡಿದ.

"ಅದಕ್ಕೇ ಈ ವರ್ಷ ಮರದ ತುದಿಗೆ ಹಾರಿ ಎಲ್ಲರನ್ನೂ ಕರೆದೆ," ಎಂದಳು ಗೊರವಕ್ಕ. "ನೀನು ಇವತ್ತೇ ಬಂದು ಹೇಳಿದೆಯಲ್ಲ, ನನಗೆ ಅಷ್ಟು ಸಾಕು. ಇನ್ನೇನಾದರೂ ಕೊಡಲೇಬೇಕೆಂದಿದ್ದರೆ ನನಗೆ ಕೊಡಬೇಡ, ಮುಂದೆ ಬರುವ ಹೊಸಬರಿಗೆ ಕೊಡು. ಕೂತ್ಕೋ ಇಲ್ಲಿ. ತಗ್ಗು, ತಂಪಾಗಿರುತ್ತದೆ."

ಗುಳ್ಳಪ್ಪ ಆಮೆಯಜ್ಜನ ಜಾಗದಲ್ಲಿ ಕುಳಿತ. ನಿಜವಾಗಿಯೂ ತಂಪಾಗಿತ್ತು.

ಆ ಮಳೆಗಾಲದಲ್ಲಿ ಯಾರ ಮರಿಯೂ ಹಸಿದು ಮಲಗಲಿಲ್ಲ. ಅಕ್ಕಿ ಅರ್ಧವೇ ಇದ್ದುದರಿಂದ ಎಲ್ಲರೂ ಒಂದೊಂದು ತುತ್ತು ಕಡಿಮೆ ಉಂಡರು, ಅಷ್ಟೇ.

ಮರುವರ್ಷ ಬಳಗಕ್ಕೆ ಹೊಸಬರು ಬಂದರು. ಎಲ್ಲರೂ ಒಳಗೆ ಬಂದ ಮೇಲೂ ಬಂಡೆಯ ಅಂಚಿನಲ್ಲಿ ಒಂದು ಬಸವನಹುಳು ನಿಂತೇ ಇತ್ತು. ಗುಡ್ಡ ಹತ್ತಲು ಅದಕ್ಕೆ ಎಂಟು ದಿನ ಹಿಡಿದಿತ್ತು.

"ನಾನು ವ್ಯಾಪಾರದವನಲ್ಲ," ಎಂದಿತು ಅದು, ಕೊಂಬುಗಳನ್ನು ಒಳಗೆಳೆದುಕೊಳ್ಳುತ್ತ. "ಮೆಲ್ಲಗೆ ನಡೆಯುವುದೊಂದು ಬಿಟ್ಟು ನನಗೇನೂ ಬಾರದು. ಕೊರಳೂ ಇಲ್ಲ, ಕೈಯೂ ಇಲ್ಲ. ಹೊರಟೆ."

ಗುಳ್ಳಪ್ಪ ತನ್ನ ಜಾಗದಿಂದ ಎದ್ದು ಹಾರಿ ಬಂದ. ಬಸವನಹುಳುವಿನ ಕಣ್ಣು ನೋಡಿ, ಮೊಲಕ್ಕೂ ಕೇಳುವಂತೆ ಹೇಳಿದ: "ಬನ್ನಿ, ಬನ್ನಿ. ದಾರವನ್ನು ಚಿಪ್ಪಿಗೆ ಕಟ್ಟೋಣ. ಮೆಲ್ಲಗೆ ನಡೆಯುವವರು ದಾರಿಯಲ್ಲಿ ನಾವು ಕಾಣದ್ದನ್ನೆಲ್ಲ ಕಂಡಿರುತ್ತಾರೆ. ಕೂತು ಹೇಳಿ, ಈ ಎಂಟು ದಿನ ಏನೇನು ನೋಡಿದಿರಿ?"

ಬಸವನಹುಳು ಒಂದು ಕೊಂಬನ್ನು ಹೊರಗೆ ಚಾಚಿತು. ಆಮೇಲೆ ಇನ್ನೊಂದನ್ನು.

ನೆಲ್ಲಿಮರದ ತುದಿಯಲ್ಲಿ ಕುಳಿತಿದ್ದ ಗೊರವಕ್ಕ ಇದನ್ನು ನೋಡಿದಳು. ಕೆರೆಗೆ ಹಾರಿ, ಕೊಕ್ಕಿನಲ್ಲಿ ಎರಡು ಹನಿ ನೀರು ತಂದಳು. ಒಂದು ಹನಿ ಗುಳ್ಳಪ್ಪನಿಗೆ, ಒಂದು ಹನಿ ಬಸವನಹುಳುವಿಗೆ.

ನೀತಿ: ಹೊಸ ಬಳಗ ಸೇರುವಾಗ ನಿನ್ನ ವಿದ್ಯೆಯನ್ನು ಮುಚ್ಚಿಡಬೇಡ, ಅವರಿಗೆ ಬೇಕಾಗಿರುವುದು ಅದೇ ಇರಬಹುದು, ನಿನ್ನನ್ನು ಒಳಗೆ ಕರೆದವರ ಉಪಕಾರವನ್ನು ಅವರಿರುವಾಗಲೇ ನೆನೆ, ಮತ್ತು ಹೊರಗೆ ನಿಂತ ಇನ್ನೊಬ್ಬರನ್ನು ಒಳಗೆ ಕರೆ.